ಡಿಸ್ಕ್ ತುಂಬಿಲ್ಲ, ದಯವಿಟ್ಟು ಫೈಲ್ ಅಳಿಸಬೇಡಿ

ಹೋದ ತಿಂಗಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದು ಬಂದರು. ಲಿನಕ್ಸ್ ಟರ್ಮಿನಲ್‌ನಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂತ ಎರರ್. “ಸರ್, ಹಳೇ ಫೋಟೋ ಎಲ್ಲಾ ಅಳಿಸಿದೆ, ಎರಡು ವರ್ಷದ ಬ್ಯಾಕಪ್ಪೂ ತೆಗೆದೆ, ಆದ್ರೂ ಇದು ಹೋಗ್ತಿಲ್ಲ” ಅಂದರು. ಡಿಎಫ್ ಕಮಾಂಡ್ ಹಾಕಿ ನೋಡಿದೆ. ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಅಳಿಸುವ ಮುಂಚೆಯೂ ಬೇಕಾದಷ್ಟು ಜಾಗ ಇತ್ತು. ಕೆಲವು ಫೋಟೋ ಮಾತ್ರ ವಾಪಸ್ ಸಿಕ್ಕವು. ಇದೇ ಎರರ್‌ಗೆ ಫೈಲ್ ಅಳಿಸಿಕೊಂಡು ಬಂದವರಲ್ಲಿ ಅವರೇ ಮೊದಲಿನವರಲ್ಲ. ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಮುಗಿದಿರುವುದು ಡಿಸ್ಕಿನ ಜಾಗವಲ್ಲ, ವಾಚ್‌ಗಳ ಲೆಕ್ಕ. ಡೆಸ್ಕ್‌ಟಾಪ್ ಹುಡುಕಾಟಕ್ಕೆ ಇಂಡೆಕ್ಸ್ ಮಾಡುವ (ಫೈಲ್‌ಗಳ ಪಟ್ಟಿ ಮೊದಲೇ ಮಾಡಿಡುವ) ಪ್ರೋಗ್ರಾಂಗಳು ಗೊತ್ತಲ್ವಾ, ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಬಲೂ, ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಟ್ರ್ಯಾಕರ್ (ಈಗ ಅದರ ಹೆಸರು ಲೋಕಲ್‌ಸರ್ಚ್). “ಈ ಫೋಲ್ಡರ್‌ನಲ್ಲಿ ಏನಾದರೂ ಬದಲಾದರೆ ನನಗೆ ತಿಳಿಸು” ಅಂತ ಅವು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಹೇಳಿಟ್ಟಿರುತ್ತವೆ. ಅದೇ ಒಂದು ವಾಚ್. 2005ರಲ್ಲಿ ಕರ್ನಲ್‌ಗೆ ಬಂದ ಐನೋಟಿಫೈ ಅನ್ನುವ ವ್ಯವಸ್ಥೆ ಈ ಕಾವಲು ಕಾಯುತ್ತದೆ. ಆದರೆ ಅದು ಒಳಗಿನ ಫೋಲ್ಡರ್‌ಗಳನ್ನು ತಾನಾಗಿ ನೋಡುವುದಿಲ್ಲ. ಫೋಲ್ಡರ್‌ಗೊಂದು, ಅದರೊಳಗಿನದಕ್ಕೆ ಇನ್ನೊಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ವಾಚ್ ಬೇಕು. ಒಬ್ಬ ಯೂಸರ್‌ಗೆ ಇಷ್ಟೇ ಅಂತ ಮಿತಿ ಇದೆ. ಮಿತಿ ಮುಟ್ಟಿದಾಗ ಕರ್ನಲ್ ಕೊಡುವ ಎರರ್ ಕೋಡ್ ಡಿಸ್ಕ್ ತುಂಬಿದಾಗ ಕೊಡುವ ಕೋಡೇ. ಪ್ರೋಗ್ರಾಂ ಆ ಕೋಡ್‌ಗೆ ಬರೆದಿಟ್ಟ ವಾಕ್ಯವನ್ನು ಹಾಗೇ ತೋರಿಸುತ್ತದೆ, ಓದಿದವರು ಗಾಬರಿಯಾಗುತ್ತಾರೆ.

ಇನ್ನೊಂದು ಮಾತು. ಮಿತಿ ಇರುವುದು ಯೂಸರ್‌ಗೆ, ಪ್ರೋಗ್ರಾಂಗೆ ಅಲ್ಲ. ಇಂಡೆಕ್ಸರ್ ವಾಚ್‌ಗಳನ್ನೆಲ್ಲ ತಗೊಂಡಿರುತ್ತದೆ, ಎರರ್ ತೋರಿಸುವುದು ಕೋಡ್ ಎಡಿಟರ್. ಜನ ಸುಮ್ನೆ ಎಡಿಟರ್ ತೆಗೆದು ಮತ್ತೆ ಹಾಕುತ್ತಾರೆ. ಇಂಡೆಕ್ಸರ್‌ಗೇ ವಾಚ್ ಸಾಲದಿದ್ದರೆ ಹೊಸ ಫೈಲ್‌ಗಳು ಹುಡುಕಾಟದಲ್ಲಿ ಸಿಗದೆ ಹೋಗಬಹುದು.

ನಿಮ್ಮ ಮಿತಿ ಎಷ್ಟು ಅನ್ನುವುದು, ಕರ್ನಲ್ ತನ್ನ ಮಾಹಿತಿ ತೋರಿಸುವ ‘ಪ್ರಾಕ್’ ಫೋಲ್ಡರ್ ಒಳಗಿನ ಸಿಸ್, ಅದರೊಳಗಿನ ಎಫ್‌ಎಸ್, ಐನೋಟಿಫೈ ಫೋಲ್ಡರ್‌ನಲ್ಲಿ ‘ಮ್ಯಾಕ್ಸ್ ಯೂಸರ್ ವಾಚಸ್’ ಅನ್ನುವ ಫೈಲ್‌ನಲ್ಲಿದೆ. ಹಳೇ ಕರ್ನಲ್‌ಗಳಲ್ಲಿ ಸಾಮಾನ್ಯವಾಗಿ 8192. ಕರ್ನಲ್ 5.11ರಿಂದ ಮೆಮೊರಿ ನೋಡಿಕೊಂಡು ತಾನೇ ಏರಿಸುತ್ತದೆ, 1048576ರವರೆಗೆ. ಕಡಿಮೆ ಇದ್ದರೆ ಇಟಿಸಿ ಒಳಗಿನ ‘ಸಿಸ್‌ಸಿಟಿಎಲ್ ಡಾಟ್ ಡಿ’ ಫೋಲ್ಡರ್‌ನಲ್ಲಿ ಒಂದು ಸಾಲಿನ ಫೈಲ್ ಇಟ್ಟು ಏರಿಸಬಹುದು. 524288 ಅಂತ ಹಾಕುವವರೇ ಜಾಸ್ತಿ. ಹಾಕಬಹುದು, ಆದರೆ ಮೆಮೊರಿ ಕಡಿಮೆ ಇರುವ ಮಷಿನ್‌ನಲ್ಲಿ ಯೋಚಿಸಿ ಹಾಕಿ. 64 ಬಿಟ್ ಮಷಿನ್‌ನಲ್ಲಿ ಒಂದು ವಾಚ್‌ಗೆ ಸುಮಾರು 1 ಕೆಬಿ ಮೆಮೊರಿ ಹೋಗುತ್ತದೆ. ಪೂರ್ತಿ ಬಳಸಿದರೆ ಅರ್ಧ ಜಿಬಿ ದಾಟುತ್ತದೆ. ಅದು ಕರ್ನಲ್ ಮೆಮೊರಿ, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋಗುವುದಿಲ್ಲ. ಬಳಸದ ವಾಚ್‌ಗೆ ಮಾತ್ರ ಖರ್ಚಿಲ್ಲ.

ಎರರ್ ‘ಟೂ ಮೆನಿ ಓಪನ್ ಫೈಲ್ಸ್’ ಅಂತಿದ್ದರೆ ಐನೋಟಿಫೈ ಇನ್‌ಸ್ಟನ್ಸ್‌ಗಳು (ವಾಚ್ ಹಾಕುವ ಮೊದಲು ಪ್ರೋಗ್ರಾಂ ಐನೋಟಿಫೈ ಜೊತೆ ತೆರೆಯುವ ಸಂಪರ್ಕಗಳು) ಮುಗಿದಿರಬಹುದು. ಅದಕ್ಕೆ ಬೇರೆ ಮಿತಿ ಇದೆ, ಸಾಮಾನ್ಯವಾಗಿ 128.

ನಾನು ಮಿತಿ ಏರಿಸುವ ಮೊದಲು ವಾಚ್ ಯಾರ ಹತ್ತಿರ ಇವೆ ಅಂತ ನೋಡುತ್ತೇನೆ. ಪ್ರಾಕ್ ಒಳಗೆ ಪ್ರತಿ ಪ್ರೋಗ್ರಾಂನ ಪ್ರಾಸೆಸ್ ನಂಬರಿನ ಫೋಲ್ಡರ್ ಇರುತ್ತದೆ. ಅದರಲ್ಲಿ ‘ಎಫ್‌ಡಿಇನ್ಫೋ’ ಫೋಲ್ಡರ್ ತೆರೆದು, ಅಲ್ಲಿನ ಫೈಲ್‌ಗಳಲ್ಲಿ ಐನೋಟಿಫೈ ಅಂತ ಶುರುವಾಗುವ ಸಾಲುಗಳನ್ನು ಎಣಿಸಿದರೆ ಸಾಕು. ಸಾಲಿಗೊಂದು ವಾಚ್. ಆ ವಿದ್ಯಾರ್ಥಿನಿಯ ಮಷಿನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ವಾಚ್‌ಗಳೂ ಇಂಡೆಕ್ಸರ್ ಕೈಯಲ್ಲೇ ಇದ್ದವು. ಕಾರಣ ಹೋಮ್ ಫೋಲ್ಡರ್‌ನಲ್ಲೇ ಇತ್ತು. ಅವರು ಸಿಮ್ಯುಲೇಷನ್ ಓಡಿಸಿದಾಗಲೆಲ್ಲ ಹೊಸ ಫೋಲ್ಡರ್, ಅದರೊಳಗೆ ಹಂತಕ್ಕೊಂದು ಫೋಲ್ಡರ್. ಪಕ್ಕದಲ್ಲೇ ಪೈಥಾನ್ ಎನ್ವಿರಾನ್‌ಮೆಂಟ್‌ಗಳು, ಅಂದರೆ ಪೈಥಾನ್ ಲೈಬ್ರರಿಗಳ ಫೋಲ್ಡರ್ ರಾಶಿ. ಇವುಗಳಲ್ಲಿ ಯಾವುದನ್ನೂ ಅವರು ಹುಡುಕುತ್ತಿರಲಿಲ್ಲ. ಎರಡನ್ನೂ ಇಂಡೆಕ್ಸ್ ಮಾಡದ ಪಟ್ಟಿಗೆ ಸೇರಿಸಿ, ಇಂಡೆಕ್ಸರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಮಿತಿ ಏರಿಸುವ ಅಗತ್ಯವೇ ಬರಲಿಲ್ಲ. ಎದುರಿಗೇ ಕೂತು ಅವರು ಪ್ರಬಂಧದ ಮೂರನೇ ಅಧ್ಯಾಯ ಸೇವ್ ಮಾಡಿ, ಅದರಲ್ಲಿದ್ದ ಒಂದು ಪದ ಹುಡುಕಿದರು. ಸಿಕ್ಕಿತು.