ಕುಣಿಸುತ್ತಿದ್ದ ಜಾಝ್ ಕುರ್ಚಿಯಲ್ಲಿ ಕೂರಿಸಿದ್ದು ಯಾವಾಗ?

ಓದುಗರ ಪ್ರಶ್ನೆ: 1930ರ ದಶಕದ ಹಳೆಯ ತುಣುಕುಗಳಲ್ಲಿ ಜಾಝ್ ಎಂದರೆ ದೊಡ್ಡ ವಾದ್ಯವೃಂದ, ಕಿಕ್ಕಿರಿದ ಸಭಾಂಗಣ, ಮೈಮರೆತು ಕುಣಿಯುವ ಜನ. ಈಗಿನ ಜಾಝ್ ಕಛೇರಿಯಲ್ಲಿ ನಾಲ್ಕೈದು ಮಂದಿ ನುಡಿಸುತ್ತಾರೆ, ಮಿಕ್ಕವರು ಅಲುಗಾಡದೆ ಕೂತು ಕೇಳುತ್ತಾರೆ. ಇವೆರಡೂ ಒಂದೇ ಸಂಗೀತವೇ? ನಡುವೆ ಏನಾಯಿತು?

ಉತ್ತರ: ಒಂದೇ ಸಂಗೀತ. ನಡುವೆ ಆದದ್ದರ ಹೆಸರು ಬೀಬಾಪ್. ಊರು ನ್ಯೂಯಾರ್ಕ್, ಕಾಲ ಸುಮಾರು 1940ರಿಂದ 1946. ಸ್ಯಾಕ್ಸೋಫೋನ್ ನುಡಿಸುವ ಚಾರ್ಲಿ ಪಾರ್ಕರ್, ಟ್ರಂಪೆಟ್ ನುಡಿಸುವ ಡಿಜ್ಜಿ ಗಿಲೆಸ್ಪಿ ಎಂಬ ಇಬ್ಬರು ಮಹಾ ಪ್ರತಿಭಾವಂತರು ಬಂದರು, ಎಲ್ಲವನ್ನೂ ಬದಲಿಸಿದರು ಎಂದು ಕಥೆ ಹೇಳುವುದು ರೂಢಿ. ಅವರ ಪ್ರತಿಭೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಬ್ಬ ಡ್ರಮ್ಮರ್‌ನ ದಣಿದ ಕಾಲು ಮತ್ತು ಅಮೆರಿಕ ಸರ್ಕಾರದ ಒಂದು ತೆರಿಗೆ ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಅವುಗಳ ಪಾಲು ಚಿಕ್ಕದಲ್ಲ.

ಮೊದಲು ಕುಣಿತದ ಕಾಲವನ್ನು ನೋಡೋಣ. ಆಗಿನ ಶೈಲಿಗೆ ಸ್ವಿಂಗ್ ಎಂದು ಹೆಸರು. ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ 1926ರಲ್ಲಿ ಶುರುವಾದ ಸವಾಯ್ ಬಾಲ್‌ರೂಮ್ ಅದರ ದೊಡ್ಡ ನೆಲೆ. ಅಲ್ಲಿ ಎರಡು ವೇದಿಕೆಗಳಿದ್ದವು. ಒಂದು ತಂಡ ನಿಲ್ಲಿಸಿದೊಡನೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಕುಣಿಯುವವರಿಗೆ ಬಿಡುವೇ ಇರಲಿಲ್ಲ. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಅಂದಿನ ಅಪರೂಪದ ಜಾಗವದು. 1937ರ ಮೇ ತಿಂಗಳಲ್ಲಿ ದೇಶಕ್ಕೇ ಹೆಸರಾಗಿದ್ದ ಬೆನ್ನಿ ಗುಡ್‌ಮನ್ ತಂಡ ಅಲ್ಲಿಗೆ ಹೋಗಿ ಸವಾಯ್‌ನ ಸ್ವಂತ ತಂಡದೊಂದಿಗೆ ಪೈಪೋಟಿಗೆ ನಿಂತಿತು. ಆ ತಂಡದ ಮುಖ್ಯಸ್ಥ ಚಿಕ್ ವೆಬ್, ಬೆನ್ನುಮೂಳೆಯ ಕ್ಷಯದಿಂದ ಗಿಡ್ಡನಾಗಿ ಉಳಿದಿದ್ದ ಡ್ರಮ್ಮರ್. ಗೆದ್ದದ್ದು ವೆಬ್. ಗುಡ್‌ಮನ್ ತಂಡದ ಡ್ರಮ್ಮರ್ ಜೀನ್ ಕ್ರೂಪಾ ಎಲ್ಲರೆದುರು ಅವನಿಗೆ ತಲೆಬಾಗಿದ.

ಅಂಥ ಸಭಾಂಗಣದಲ್ಲಿ ಡ್ರಮ್ಮರ್‌ಗೆ ಆ ಮಟ್ಟದ ಮರ್ಯಾದೆ ಸಿಗಲು ಕಾರಣವಿತ್ತು. ಸಾವಿರಾರು ಹೆಜ್ಜೆಗಳ ಸದ್ದಿನ ನಡುವೆಯೂ ಲಯ ಎಲ್ಲರಿಗೂ ಮುಟ್ಟಬೇಕು. ಅದಕ್ಕಾಗಿ ಡ್ರಮ್ಮರ್ ಕಾಲಿನಿಂದ ಪೆಡಲ್ ತುಳಿದು ದೊಡ್ಡ ಬಾಸ್ ಡ್ರಮ್ಮಿನ ಮೇಲೆ ನಾಲ್ಕಕ್ಕೆ ನಾಲ್ಕೂ ಪೆಟ್ಟು ಹಾಕುತ್ತಿದ್ದ. ಕುಣಿಯುವವರು ಆ ಪೆಟ್ಟನ್ನು ಕಿವಿಗಿಂತ ಹೆಚ್ಚಾಗಿ ಪಾದದಲ್ಲಿ ಹಿಡಿಯುತ್ತಿದ್ದರು.

ಕೆನ್ನಿ ಕ್ಲಾರ್ಕ್ ಎಂಬ ಡ್ರಮ್ಮರ್ ಇದನ್ನು ಕೆಡಿಸಿದ. 1930ರ ದಶಕದ ಕೊನೆಯಲ್ಲಿ ಆತ ಟೆಡ್ಡಿ ಹಿಲ್ ಎಂಬಾತನ ತಂಡದಲ್ಲಿದ್ದ. ವೇಗ ಮಿತಿಮೀರಿದಾಗ ಪ್ರತಿ ಪೆಟ್ಟಿಗೂ ಪೆಡಲ್ ತುಳಿದು ಕಾಲು ಸೋಲುತ್ತಿತ್ತು. ಹಾಗಾಗಿ ಲಯ ಹಿಡಿಯುವ ಹೊಣೆಯನ್ನು ಬಲಗೈಗೆ ವಹಿಸಿ, ತೂಗುಹಾಕಿದ ಸಿಂಬಲ್ಲಿನ (ಲೋಹದ ತಟ್ಟೆಯ) ಮೇಲೆ ತೆಳುವಾಗಿ, ಎಡೆಬಿಡದೆ ನುಡಿಸತೊಡಗಿದ. ಕೌಂಟ್ ಬೇಸಿ ತಂಡದ ಡ್ರಮ್ಮರ್ ಜೋ ಜೋನ್ಸ್ ಆಗಲೇ ಪೆಟ್ಟಿನ ಭಾರವನ್ನು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ಲುಗಳಿಗೆ ವರ್ಗಾಯಿಸಿ ದಾರಿ ಮಾಡಿಕೊಟ್ಟಿದ್ದ ಎನ್ನುವುದನ್ನೂ ಹೇಳಬೇಕು. ಕ್ಲಾರ್ಕ್ ಇನ್ನೂ ಮುಂದೆ ಹೋದ. ಬಿಡುವಾದ ಕಾಲು, ಎಡಗೈ ಎರಡೂ ಈಗ ಮುಖ್ಯ ವಾದಕನಿಗೆ ಉತ್ತರ ಕೊಡತೊಡಗಿದವು. ಯಾರೂ ನಿರೀಕ್ಷಿಸದ ಜಾಗದಲ್ಲಿ ಧಡ್ ಎಂದು ಒಂದು ಪೆಟ್ಟು. ವಾದಕರು ಇದನ್ನು ‘ಬಾಂಬ್ ಹಾಕುವುದು’ ಎಂದರು. ಒಬ್ಬರು ತಾಳ ಹಾಕುತ್ತಿರುವಾಗ ಇನ್ನೊಬ್ಬರು ಅದರೊಳಗೆ ಲೆಕ್ಕಾಚಾರ ನಡೆಸುವುದನ್ನು ಕಂಡ ಮೃದಂಗದ ಕೇಳುಗರಿಗೆ ಇದು ವಿಚಿತ್ರವೆನಿಸದು. ಹೆಜ್ಜೆ ಎತ್ತಿದವನ ಪಾಡು ಮಾತ್ರ ಬೇರೆ. ಹಿಲ್ ಅವನನ್ನು ತಂಡದಿಂದ ಕಿತ್ತುಹಾಕಿದ.

ಮುಂದಿನದು ಸ್ವಾರಸ್ಯ. 1940ರಲ್ಲಿ ಅದೇ ಟೆಡ್ಡಿ ಹಿಲ್ ಹಾರ್ಲೆಮ್‌ನ 118ನೇ ಬೀದಿಯ ಮಿಂಟನ್ಸ್ ಪ್ಲೇಹೌಸ್ ಎಂಬ ಸಣ್ಣ ಕ್ಲಬ್ಬಿನ ಉಸ್ತುವಾರಿಗೆ ಬಂದ. ಬಂದವನೇ ಕ್ಲಾರ್ಕ್‌ನನ್ನು ಕರೆಸಿಕೊಂಡ. ಪಿಯಾನೋಗೆ ಥೆಲೋನಿಯಸ್ ಮಂಕ್. ದೊಡ್ಡ ತಂಡಗಳಲ್ಲಿ ದುಡಿದು ಬೇಸತ್ತ ವಾದಕರು ತಮ್ಮ ಕೆಲಸ ಮುಗಿಸಿ ರಾತ್ರಿ ಇಲ್ಲಿ ಸೇರುತ್ತಿದ್ದರು. ಸಂಬಳವಿಲ್ಲದೆ ಹೀಗೆ ಕೂಡಿ ನುಡಿಸುವುದಕ್ಕೆ ವಾದಕರ ಸಂಘದ ನಿಷೇಧವಿತ್ತು, ಸಿಕ್ಕಿಬಿದ್ದರೆ ದಂಡ. ಆದರೆ ಕ್ಲಬ್ಬಿನ ಮಾಲೀಕ ಹೆನ್ರಿ ಮಿಂಟನ್ ಆ ಸಂಘದ ಪ್ರತಿನಿಧಿಯಾಗಿದ್ದವನು. ಅವನ ಛಾವಣಿಯ ಕೆಳಗೆ ದಂಡದ ಭಯವಿರಲಿಲ್ಲ. ಸೋಮವಾರ ರಾತ್ರಿ ಅಪೊಲೊ ಥಿಯೇಟರ್‌ನ ಕಲಾವಿದರಿಗೆ ಊಟವೂ ಪುಕ್ಕಟೆ. ಸಂಘದಲ್ಲಿ ಪರಿಚಯ, ಹೊಟ್ಟೆಗೆ ಊಟ, ಎದುರಿಗೆ ಕುಣಿಯುವವರಿಲ್ಲ: ಪ್ರಯೋಗಕ್ಕೆ ಇನ್ನೇನು ಬೇಕು?

ಅಲ್ಲಿ ಬೆಳೆದ ಬೀಬಾಪ್ ಹೇಗಿತ್ತು ಎನ್ನುವುದಕ್ಕೆ ಪಾರ್ಕರ್ 1945ರ ನವೆಂಬರ್ 26ರಂದು ಮುದ್ರಿಸಿದ ‘ಕೋ-ಕೋ’ ಕೇಳಿ. ಅದರ ಬೆನ್ನೆಲುಬು ‘ಚೆರೊಕೀ’ ಎಂಬ ಜನಪ್ರಿಯ ಸ್ವಿಂಗ್ ಹಾಡು. ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ ಸಾಲು ಮಾತ್ರ ಉಳಿದಿದೆ, ಹಾಡಿನ ಮಟ್ಟು ಮಾಯ. ಮೊದಲ ಪ್ರಯತ್ನದಲ್ಲಿ ವಾದಕರು ಮೂಲ ಮಟ್ಟನ್ನೇ ಎತ್ತಿಕೊಂಡರು, ತಕ್ಷಣ ನಿಲ್ಲಿಸಲಾಯಿತು. ಆ ಕ್ಷಣವೂ ಧ್ವನಿಮುದ್ರಣದಲ್ಲಿ ಉಳಿದಿದೆ. ಮಟ್ಟಿಗೆ ಹಕ್ಕುಸ್ವಾಮ್ಯವುಂಟು, ಕಾರ್ಡ್‌ಗಳಿಗಿಲ್ಲ. ಮಟ್ಟು ಬಿಟ್ಟರೆ ಗೌರವಧನ ಕೊಡಬೇಕಿಲ್ಲ. ಬೀಬಾಪ್‌ನ ಎಷ್ಟೋ ‘ಹೊಸ’ ರಚನೆಗಳ ಹಿಂದೆ ಈ ವ್ಯವಹಾರ ಜ್ಞಾನವೂ ಇದೆ. ಎರಡನೆಯ ಪ್ರಯತ್ನದಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಕೂಡಿ ಚೂಪಾದ ಒಂದು ಪೀಠಿಕೆ ನುಡಿಸುತ್ತವೆ. ಅಲ್ಲಿಂದ ನಿಮಿಷಕ್ಕೆ ಸುಮಾರು 300 ಬೀಟುಗಳ ವೇಗದಲ್ಲಿ ಪಾರ್ಕರ್‌ನ ಮನೋಧರ್ಮ, ಮ್ಯಾಕ್ಸ್ ರೋಚ್‌ನ ಡ್ರಮ್. ಮೂರು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಕುಣಿಯುವ ಮಾತಿರಲಿ, ಮೊದಲ ಸಲ ಕೇಳುವವರಿಗೆ ಕಾಲಿನಲ್ಲಿ ತಾಳ ಹಾಕುವುದೇ ಕಷ್ಟ.

ಇದೆಲ್ಲ ಒಂದು ಸಣ್ಣ ಗುಂಪಿನ ಹುಚ್ಚಾಗಿಯೇ ಉಳಿಯಬಹುದಿತ್ತು. ಉಳಿಯದಿದ್ದುದಕ್ಕೆ ಎರಡನೆಯ ಮಹಾಯುದ್ಧವೇ ಮುಖ್ಯ ಕಾರಣ. ಹದಿನೈದು ಮಂದಿಯ ತಂಡವನ್ನು ಬಸ್ಸಿನಲ್ಲಿ ಊರೂರು ತಿರುಗಿಸಲು ಪೆಟ್ರೋಲ್, ಟೈರು ಸಿಗಲಿಲ್ಲ. ಹುಡುಗರು ಸೈನ್ಯಕ್ಕೆ ಹೋದರು. 1942ರ ಆಗಸ್ಟ್‌ನಲ್ಲಿ ವಾದಕರ ಸಂಘ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು; ದೊಡ್ಡ ಕಂಪನಿಗಳೊಂದಿಗೆ ಪೂರ್ತಿ ರಾಜಿಯಾದದ್ದು 1944ರ ನವೆಂಬರ್‌ನಲ್ಲಿ. ಗಾಯಕರಿಗೆ ಆ ನಿರ್ಬಂಧವಿರಲಿಲ್ಲ. ಫ್ರಾಂಕ್ ಸಿನಾತ್ರಾ ವಾದ್ಯಗಳ ಬದಲು ಗಾಯಕ ವೃಂದವನ್ನೇ ಇಟ್ಟುಕೊಂಡು ಹಾಡಿದ, ಜನ ಹಾಡುಗಾರರ ಹಿಂದೆ ಹೋದರು.

ಇದರ ಮೇಲೆ ತೆರಿಗೆ ಬಂತು. 1944ರ ಏಪ್ರಿಲ್‌ನಿಂದ, ಊಟ-ಮದ್ಯದ ಜೊತೆ ನೃತ್ಯ ಅಥವಾ ಗಾಯನವಿರುವ ಕ್ಲಬ್ಬುಗಳ ಬಿಲ್ಲಿನ ಮೇಲೆ ಶೇ 30 ತೆರಿಗೆ; ಕೆಲವೇ ತಿಂಗಳಲ್ಲಿ ಅದು ಶೇ 20ಕ್ಕೆ ಇಳಿದರೂ ಹೊರೆಯೇ. ಬರೀ ವಾದ್ಯ ಸಂಗೀತಕ್ಕೆ ವಿನಾಯಿತಿ. ಮಾಲೀಕರು ಕುಣಿಯುವ ಜಾಗಕ್ಕೂ ಮೇಜು ಕುರ್ಚಿ ಹಾಕಿಸಿ, ಐದು ಮಂದಿಯ ತಂಡ ಕೂರಿಸುವುದು ಲಾಭವೆಂದು ಕಂಡರು. ಕಲೆಯ ಇತಿಹಾಸಕಾರರು ಸೌಂದರ್ಯದ ಬಗ್ಗೆ ಬರೆದಷ್ಟು ಅಬಕಾರಿಯ ಬಗ್ಗೆ ಬರೆಯುವುದಿಲ್ಲ. 1946ರ ಕೊನೆಯ ಹೊತ್ತಿಗೆ ಗುಡ್‌ಮನ್, ವುಡಿ ಹರ್ಮನ್, ಹ್ಯಾರಿ ಜೇಮ್ಸ್, ಟಾಮಿ ಡಾರ್ಸಿ ಎಲ್ಲರೂ ತಮ್ಮ ತಂಡಗಳನ್ನು ವಿಸರ್ಜಿಸಿದ್ದರು. ಕೆಲವರು ಮತ್ತೆ ಕಟ್ಟಿದರು, ಆದರೆ ಆ ಕಾಲ ಮರಳಲಿಲ್ಲ.

ಬೀಬಾಪ್‌ನವರು ಕುಣಿಯುವವರನ್ನು ಬೇಕೆಂದೇ ಓಡಿಸಿದರು ಎನ್ನುವುದು ಮಾತ್ರ ಅನ್ಯಾಯದ ಮಾತು. ಗಿಲೆಸ್ಪಿ 1945ರಲ್ಲಿ ದೊಡ್ಡ ತಂಡ ಕಟ್ಟಿಕೊಂಡು ಅಮೆರಿಕದ ದಕ್ಷಿಣದ ಊರುಗಳಿಗೆ ಹೋದ. ಕುಣಿಯಲು ಬಂದ ಕರಿಯ ಪ್ರೇಕ್ಷಕರಿಗೆ ಆ ಸಂಗೀತಕ್ಕೆ ಹೆಜ್ಜೆ ಹಾಕುವುದು ಹೇಗೆಂದೇ ತಿಳಿಯಲಿಲ್ಲ, ಪ್ರವಾಸ ಸೋತಿತು. ಆತನಿಗಂತೂ ವೇದಿಕೆಯ ಮೇಲೆ ಸ್ವತಃ ಕುಣಿಯುವ ಅಭ್ಯಾಸವಿತ್ತು. ಅತ್ತ ಕುಣಿಯುವವರು ಮನೆಯಲ್ಲೇನೂ ಕೂರಲಿಲ್ಲ. ಚಿಕ್ ವೆಬ್ ತಂಡದಲ್ಲೇ ಪಳಗಿದ್ದ ಸ್ಯಾಕ್ಸೋಫೋನ್ ವಾದಕ ಲೂಯಿ ಜೋರ್ಡನ್ ಸಣ್ಣ ತಂಡ ಕಟ್ಟಿ, ತಮಾಷೆಯ ಹಾಡುಗಳ ಜೊತೆ ಗಟ್ಟಿ ಬೀಟು ಕೊಟ್ಟ. ಜನ ಅವನ ಹಿಂದೆ ಹೋದರು. ಆ ದಾರಿ ರಿದಮ್ ಅಂಡ್ ಬ್ಲೂಸ್‌ಗೆ, ಅಲ್ಲಿಂದ ರಾಕ್ ಅಂಡ್ ರೋಲ್‌ಗೆ ಸಾಗಿತು.

ಆಮೇಲಿನ ಜಾಝ್ ಶೈಲಿಗಳು ಬಹುಮಟ್ಟಿಗೆ ಬೀಬಾಪ್‌ನೊಂದಿಗೆ ನಡೆಸಿದ ವಾಗ್ವಾದ. 1949-50ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಂಬತ್ತು ಮಂದಿಯ ತಂಡದಲ್ಲಿ ಫ್ರೆಂಚ್ ಹಾರ್ನ್, ಟ್ಯೂಬಾ ಸೇರಿಸಿ ಕಾವು ಇಳಿಸಿದ, ಅದು ಕೂಲ್. ಡ್ರಮ್ಮರ್ ಆರ್ಟ್ ಬ್ಲೇಕಿ, ಪಿಯಾನೋ ವಾದಕ ಹೊರೇಸ್ ಸಿಲ್ವರ್ ಚರ್ಚಿನ ಹಾಡನ್ನೂ ಬ್ಲೂಸನ್ನೂ ಬೆರೆಸಿ ಮತ್ತೆ ಕಾವು ಏರಿಸಿದರು, ಅದು ಹಾರ್ಡ್ ಬಾಪ್. 1959ರಲ್ಲಿ ಡೇವಿಸ್ ಕಾರ್ಡ್‌ಗಳ ಓಟವನ್ನೇ ಕೈಬಿಟ್ಟು ಒಂದೆರಡು ಸ್ವರಶ್ರೇಣಿಗಳ ಮೇಲೆ ನಿಧಾನವಾಗಿ ವಿಸ್ತರಿಸಿದ. ರಾಗಾಲಾಪನೆ ಕೇಳಿ ಅಭ್ಯಾಸವಿರುವವರು ಜಾಝ್‌ಗೆ ಈ ಬಾಗಿಲಿನಿಂದ ಬರುವುದು ಸುಲಭ.

ಬೆಂಗಳೂರಿನಲ್ಲೇ ಇನ್ನೊಂದು ಬಾಗಿಲಿದೆ. ಬಾಸ್ಟನ್‌ನ ಚಾರ್ಲಿ ಮರಿಯಾನೊ ಪಾರ್ಕರ್‌ನ ಪ್ರಭಾವದಲ್ಲಿ ಬೆಳೆದ ಆಲ್ಟೊ ಸ್ಯಾಕ್ಸೋಫೋನ್ ವಾದಕ. ಮುಂದೆ ದಕ್ಷಿಣ ಭಾರತದ ಸಂಗೀತಕ್ಕೆ ಮನಸೋತು ನಾಗಸ್ವರವನ್ನೂ ಕಲಿತ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಮತ್ತು ಸಂಗಡಿಗರೊಡನೆ ಆತ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣ ತಂದ. ಬೀಬಾಪ್‌ನಲ್ಲಿ ಪಳಗಿದ ಉಸಿರು ನಮ್ಮ ತಾಳದೊಳಗೆ ಹೇಗೆ ಓಡಾಡುತ್ತದೆ ಎಂದು ತಿಳಿಯಲು ಅದನ್ನು ‘ಕೋ-ಕೋ’ ಕೇಳಿದ ದಿನವೇ ಕೇಳಿ.