ಗಲಾಟೆ ಇರೋ ಕೆರೇಲಿ ಮೀನಿಗೆ ನಿಜವಾಗ್ಲೂ ಏನು ಕೇಳ್ಸುತ್ತೆ?

ಬೇಸಿಗೆ ರಜೆ ಶುರುವಾದ್ಮೇಲೆ ಶನಿವಾರ ಭಾನುವಾರ ಕೊಡಗಿನ ಹಾರಂಗಿ ಹಿನ್ನೀರಿನ ಕಡೆ ಹೋದ್ರೆ ಕಾರುಗಳ ಸಾಲು, ದಡದಲ್ಲಿ ಸ್ಪೀಕರ್, ನೀರಿಗೆ ಕಲ್ಲೆಸೆಯೋ ಮಕ್ಕಳು, ಸೆಲ್ಫಿಗೆ ಮೊಣಕಾಲುದ್ದ ನೀರಿಗಿಳಿದ ಹುಡುಗ್ರು, ಎಲ್ಲಾ ಇರುತ್ತೆ, ಗಾಳ ಹಿಡ್ಕೊಂಡು ಬಂದೋರು ಮಾತ್ರ ಮುಖ ಸಣ್ಣ ಮಾಡ್ಕೊಂಡು ವಾಪಸ್ ಹೋಗ್ತಾರೆ. ಇಷ್ಟು ಗದ್ದಲದಲ್ಲಿ ಮೀನು ಎಲ್ಲಿರುತ್ತೆ, ಎಲ್ಲಾ ಓಡಿ ಹೋಗಿರುತ್ತೆ ಅಂತಾರೆ. ನಂಗೆ ಈ ಮಾತು ಒಪ್ಪೋಕಾಗಲ್ಲ. ಬೇಸಿಗೇಲಿ ನೀರು ಇಳಿದು ಕೆರೆ ಚಿಕ್ಕದಾಗಿರುತ್ತೆ, ಮೀನು ಓಡಿ ಹೋಗೋದಾದ್ರೂ ಎಲ್ಲಿಗೆ? ಅಲ್ಲೇ ಇರುತ್ತೆ. ನಮಗೆ ಯಾವುದು ಗಲಾಟೆಯೋ ಅದು ಮೀನಿಗೆ ಗಲಾಟೆ ಆಗಿರಬೇಕು ಅಂತೇನಿಲ್ಲ, ಅದರ ಕಿವಿಗೆ ಬೀಳೋ ಗಲಾಟೆ ಬಹಳಷ್ಟು ಸಲ ನಮ್ಮ ಗಮನಕ್ಕೇ ಬರಲ್ಲ.

ನಾನಿಲ್ಲಿ ಹೇಳ್ತಿರೋದು ಟಾಪ್‌ವಾಟರ್ ಲೂರ್ ಬಗ್ಗೆ, ಅಂದ್ರೆ ನೀರಿನ ಮೇಲೇ ತೇಲ್ಕೊಂಡು ಕಪ್ಪೆ ಥರಾನೋ ಪೆಟ್ಟಾದ ಮರಿಮೀನಿನ ಥರಾನೋ ಒದ್ದಾಡೋ ನಕಲಿ ಎರೆ. ಇದು ಬೆಳೆದಿದ್ದು ಅಮೆರಿಕದಲ್ಲಿ, ಲಾರ್ಜ್‌ಮೌತ್ ಬಾಸ್ ಅನ್ನೋ ದೊಡ್ಡ ಬಾಯಿಯ ಮೀನಿಗೋಸ್ಕರ. ಹೆಡ್ಡನ್ ಕಂಪನಿ 1939ರಲ್ಲಿ ತಂದ ಜಾರಾ ಸ್ಪೂಕ್ ಇವತ್ತಿಗೂ ಅಂಗಡೀಲಿ ಸಿಗುತ್ತೆ. ನಮ್ಮಲ್ಲಿ ಬಾಸ್ ಇಲ್ಲ, ಆದ್ರೆ ಅದೇ ಲೂರಿಗೆ ಅದೇ ಸಿಟ್ಟಲ್ಲಿ ಎರಗೋ ಮುರಲ್ ಇದೆ, ಕೊರವ ಅಂತಲೂ ಕರೀತಾರೆ. ಕಾಫಿ ತೋಟದ ಕೆರೆಗಳಲ್ಲಿ, ತಾವರೆ ಎಲೆ ಕೆಳಗೆ, ಅಂತರಗಂಗೆ ಕಟ್ಕೊಂಡಿರೋ ಮೂಲೇಲಿ ಅಲ್ಲಾಡದೆ ಕಾಯ್ತಾ ಇರುತ್ತೆ. ಎರಡೂ ಹೊಂಚು ಹಾಕಿ ಹೊಡೆಯೋ ಮೀನುಗಳೇ, ಹಾಗಾಗಿ ಬಾಸ್ ಮೇಲೆ ನಡೆದಿರೋ ಅಧ್ಯಯನದಿಂದ ನಾವೂ ಕಲಿಯೋದು ಬಹಳ ಇದೆ.

ಮೊದಲು ಶಬ್ದ. ದಡದಲ್ಲಿ ಎಷ್ಟೇ ಜೋರಾಗಿ ಹಾಡು ಹಾಕಿದ್ರೂ, ಗಾಳಿಯಲ್ಲಿ ಬರೋ ಶಬ್ದ ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ಶೇಕಡಾ 99.9ರಷ್ಟು ವಾಪಸ್ ಪುಟಿದು ಹೋಗುತ್ತೆ, ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಇಳಿಯುತ್ತೆ, ಯಾಕಂದ್ರೆ ಗಾಳಿ ಮತ್ತು ನೀರಿನ ಸಾಂದ್ರತೇಲಿ ಅಷ್ಟು ಅಂತರ ಇದೆ. ಅಂದ್ರೆ ಪಕ್ಕದಲ್ಲಿ ಮಾತಾಡೋರನ್ನ ಶ್ ಶ್ ಅಂತ ಗದರೋದ್ರಿಂದ ಹೆಚ್ಚು ಪ್ರಯೋಜನ ಇಲ್ಲ. ಆದ್ರೆ ಅದೇ ಮನುಷ್ಯ ದಡದ ಮಣ್ಣಿನ ಮೇಲೆ ಧಬಧಬ ಓಡಿದ್ರೆ, ದೋಣಿಯೊಳಗೆ ಟಿಫಿನ್ ಬಾಕ್ಸ್ ಬೀಳಿಸಿದ್ರೆ, ಅದು ಗಾಳಿಯ ದಾರಿ ಹಿಡಿಯಲ್ಲ, ನೆಲದಿಂದ ಇಲ್ಲಾ ದೋಣಿ ತಳದಿಂದ ನೇರ ನೀರಿಗೆ ಇಳಿಯುತ್ತೆ, ಇಳಿದ ಮೇಲೆ ಸೆಕೆಂಡಿಗೆ ಸುಮಾರು 1480 ಮೀಟರ್ ವೇಗದಲ್ಲಿ ಹೋಗುತ್ತೆ, ಗಾಳಿಯಲ್ಲಿ ಹೋಗೋದಕ್ಕಿಂತ 4 ಪಟ್ಟು ಜಾಸ್ತಿ. ತೋಟದ ಕೆರೆ ಏರಿ ಮೇಲೆ ನಡೆಯೋವಾಗ ಹೆಜ್ಜೆ ಮೆತ್ತಗೆ ಇಡಿ ಅಂತ ಹಳಬರು ಹೇಳೋದು ಪೂರ್ತಿ ಸರಿ.

ಇನ್ನು ಬೋಟಿನ ವಿಷ್ಯ. 2008ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ಲಾರ್ಜ್‌ಮೌತ್ ಬಾಸ್‌ಗಳ ಹೃದಯದ ಕೆಲಸ ಅಳೆಯೋ ಸಾಧನ ಅಳವಡಿಸಿ, 1 ನಿಮಿಷ ಮೂರು ಥರದ ಶಬ್ದಕ್ಕೆ ಒಡ್ಡಿದ್ರು, ಹುಟ್ಟು ಹಾಕೋ ದೋಣಿ, ಬ್ಯಾಟರಿ ಮೋಟಾರ್, ಪೆಟ್ರೋಲ್ ಇಂಜಿನ್. ಮೂರಕ್ಕೂ ಹೃದಯದ ಬಡಿತ ಏರ್ತು, ಆದ್ರೆ ಮೊದಲಿನ ಸ್ಥಿತಿಗೆ ವಾಪಸ್ ಬರೋಕೆ ಹುಟ್ಟಿನ ದೋಣಿಗೆ ಸುಮಾರು 15 ನಿಮಿಷ, ಬ್ಯಾಟರಿ ಮೋಟಾರಿಗೆ 25, ಇಂಜಿನ್ನಿಗೆ 40 ನಿಮಿಷ ಬೇಕಾಯ್ತು. ಬರೀ 1 ನಿಮಿಷದ ಶಬ್ದಕ್ಕೆ! ಮುರಲ್‌ಗೂ ಇದೇ ಲೆಕ್ಕ ಅಂತ ನಾನು ಹೇಳ್ತಿಲ್ಲ, ಅದರ ಮೈಯ ರಚನೆಯೇ ಬೇರೆ. ಆದ್ರೂ ಯೋಚ್ನೆ ಮಾಡಿ, 10 ನಿಮಿಷಕ್ಕೊಂದು ಬೋಟ್ ಓಡೋ ಕಡೆ ಬಾಸ್ ಥರದ ಮೀನಿಗೆ ಬೆಳಗ್ಗೆ ಮೊದಲನೇ ಬೋಟಿಂದ ಸಂಜೆ ಕೊನೇ ಬೋಟ್ ತನಕ ಸುಧಾರಿಸ್ಕೊಳ್ಳೋಕೆ ಟೈಮೇ ಸಿಗಲ್ಲ. ಸಂಜೆ ಬೋಟ್ ನಿಂತು 40 ನಿಮಿಷ ಕಾಯೋಷ್ಟರಲ್ಲಿ ಕತ್ತಲಾಗಿರುತ್ತೆ. ಹಾಗಾಗಿ ನನ್ನ ಪ್ರಕಾರ ಜನ ಇರೋ ಕಡೆ ಸಂಜೆಗಿಂತ ಮುಂಜಾನೆಯೇ ಮೇಲು, ರಾತ್ರಿಯಿಡೀ ಸುಮ್ಮನಿದ್ದ ನೀರು ಅದು, ಅರೆಬೆಳಕಲ್ಲಿ ಬೇಟೆಗಾರ ಮೀನಿಗೆ ಕಣ್ಣಿನ ಅನುಕೂಲಾನೂ ಜಾಸ್ತಿ.

ಕಣ್ಣಿನ ವಿಷ್ಯ ಇನ್ನೂ ಚೆನ್ನಾಗಿದೆ. ನೀರೊಳಗಿಂದ ಮೇಲೆ ನೋಡಿದ್ರೆ ಇಡೀ ಆಕಾಶ, ದಡ, ಮರ ಎಲ್ಲಾ ತಲೆ ಮೇಲಿನ ಒಂದು ದುಂಡು ಕಿಟಕಿಯೊಳಗೆ ಮಾತ್ರ ಕಾಣುತ್ತೆ, ಬೆಳಕು ಗಾಳಿಯಿಂದ ನೀರಿಗೆ ಬರೋವಾಗ ಬಾಗೋದ್ರಿಂದ ಹೀಗೆ. ಈ ಕಿಟಕಿಯ ಕೋನ ಸುಮಾರು 97 ಡಿಗ್ರಿ, ಹಾಗಾಗಿ 1 ಮೀಟರ್ ಆಳದಲ್ಲಿರೋ ಮೀನಿಗೆ ಅದು ಸುಮಾರು 2.3 ಮೀಟರ್ ಅಗಲ, ಅರ್ಧ ಮೀಟರ್ ಆಳದಲ್ಲಿದ್ರೆ ಅದರ ಅರ್ಧ. ಕಿಟಕಿಯ ಆಚೆ ನೀರಿನ ಮೇಲ್ಮೈ ಪೂರ್ತಿ ಕನ್ನಡಿ, ಕೆರೆ ತಳವೇ ಅದರಲ್ಲಿ ಪ್ರತಿಬಿಂಬ. ಈಗ ರಬ್ಬರ್ ಕಪ್ಪೆ ಎಸೆದ್ರಿ ಅಂದ್ಕೊಳ್ಳಿ. ಕಿಟಕಿಯಿಂದ ಹೊರಗೆ ಬಿದ್ರೆ ಅದರ ಬೆನ್ನು ಮೀನಿಗೆ ಕಾಣಲ್ಲ, ಕನ್ನಡಿ ತೂತು ಮಾಡ್ಕೊಂಡು ಕೆಳಗೆ ಇಳಿಬಿದ್ದಿರೋ ಕಾಲು, ಹೊಟ್ಟೆ ಮಾತ್ರ ಕಾಣುತ್ತೆ. ಬೆನ್ನಿನ ಬಣ್ಣಕ್ಕೆ ದುಡ್ಡು ಸುರಿಯೋ ಬದಲು ಹೊಟ್ಟೆ ಕಡೆ ಹೇಗಿದೆ, ಕಾಲು ಹೇಗೆ ಅಲ್ಲಾಡುತ್ತೆ ನೋಡಿ ತಗೊಳ್ಳಿ ಅಂತ ನಾನು ಹೇಳೋದು ಇದಕ್ಕೇ. ಕಿಟಕಿಯ ಅಂಚಲ್ಲಿ ತಗ್ಗಿನಲ್ಲಿರೋ ವಸ್ತುಗಳು ತುಂಬಾ ಕುಗ್ಗಿ ಮಸುಕಾಗ್ತವೆ, ಅದಕ್ಕೇ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಸೆಯೋನು ಮೀನಿಗೆ ಹೆಚ್ಚುಕಮ್ಮಿ ಮರೆಯಾಗಿಬಿಡ್ತಾನೆ.

ಬೋಟ್ ಹೋಗಿ ಅಲೆ ಎದ್ದಾಗ ಈ ಕಿಟಕಿ ಚೂರುಚೂರಾಗುತ್ತೆ. ಆಗ ಮೀನು ನೆಚ್ಚೋದು ಕಿವಿ ಮತ್ತು ಮೈಪಕ್ಕದ ಲ್ಯಾಟರಲ್ ಲೈನನ್ನ, ಅದು ನೀರಿನ ಅಲುಗಾಟ ಹಿಡಿಯೋ ಸೂಕ್ಷ್ಮ ಕೂದಲಿನ ಕೋಶಗಳ ಸಾಲು. ಇದಕ್ಕೆ ಗೊತ್ತಾಗೋದು ತೀರಾ ಹತ್ತಿರದ್ದು, ಮೀನಿನ ಮೈಯ ಒಂದೆರಡು ಉದ್ದದಷ್ಟು ದೂರ. ಹಾಗಾಗಿ ಅಲೆ ಎದ್ದ ನೀರಲ್ಲಿ ಲೂರು ಮೀನು ಅಡಗಿರೋ ಜಾಗದ ಬಾಯಿಗೇ ಬೀಳ್ಬೇಕು, ಆಗ ಬೇಕಾಗಿರೋದು ಸ್ವಲ್ಪ ದಪ್ಪ ಸದ್ದು. ಮುಂದೆ ಬಾಯಿ ಥರ ಗುಳಿ ಇರೋ ಪಾಪರ್ ಲೂರಿನ ಗುಳಕ್ ಸದ್ದು ಹುಟ್ಟೋದು ಮುಖ್ಯವಾಗಿ ಅದು ನೀರಿಗೆ ಎಳ್ಕೊಂಡು ಹೋಗೋ ಗಾಳಿಗುಳ್ಳೆ ಮಿಡಿಯೋದ್ರಿಂದ. ಗುಳ್ಳೆ ಎಷ್ಟು ದೊಡ್ಡದೋ ಸದ್ದು ಅಷ್ಟು ದಪ್ಪ ಅಂತ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3300 ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಮಿಡಿಯುತ್ತೆ, 1 ಸೆಂಟಿಮೀಟರಿನದ್ದು ಸುಮಾರು 330. ಬಾಸ್ ಕಿವಿ ಚುರುಕಾಗಿರೋದು ಕೆಲವೇ ನೂರು ಹರ್ಟ್ಜ್‌ನ ದಪ್ಪ ಸದ್ದಿಗೆ, ಸಣ್ಣ ಪಾಪರ್‌ನ ಚಿಟಪಟ ನಮಗೆ ಕೇಳಿಸ್ತು ಅಂತ ಅದಕ್ಕೂ ಕೇಳಿಸ್ತು ಅಂದ್ಕೊಳ್ಳೋ ಹಾಗಿಲ್ಲ. ಬಾಯಿ ಅಗಲ ಇರೋ ಪಾಪರ್ ತಗೊಂಡು ಒಂದು ಸಲ ಗಟ್ಟಿಯಾಗಿ ಎಳೆದು, ಅಲೆಯ ಉಂಗುರ ಎಲ್ಲಾ ಮಾಯ ಆಗೋ ತನಕ ಸುಮ್ಮನೆ ಬಿಡಿ. ಬಹಳ ಜನ ತಾಳ್ಮೆ ಕಳ್ಕೊಳ್ಳೋದು ಇಲ್ಲೇ.

ಮೀನು ಹೊಡೆದಾಗ ತಕ್ಷಣ ಎಳೆಯೋದೂ ಅಷ್ಟೇ ನಷ್ಟ. ಈ ಮೀನುಗಳು ಬಾಯಿ ಫಟ್ ಅಂತ ತೆರೆದು ನೀರಿನ ಜೊತೆ ಬೇಟೇನ ಒಳಗೆ ಹೀರ್ಕೊಳ್ತವೆ, ಆದ್ರೆ ಮೇಲ್ಮೈಯಲ್ಲಿ ನೀರಿನ ಜೊತೆ ಗಾಳೀನೂ ಸೇರಿ ಆ ಸೆಳೆತ ಕಮ್ಮಿಯಾಗುತ್ತೆ, ಲೂರು ಇನ್ನೂ ತುಟಿಯಲ್ಲೇ ಇರುತ್ತೆ. ದಾರದಲ್ಲಿ ಭಾರ ಗೊತ್ತಾದ ಮೇಲೆ ಎಳೀರಿ, ನೀರು ಚಿಮ್ಮಿದ್ದು ನೋಡಿ ಅಲ್ಲ.

ಸೆಕೆಯಲ್ಲಿ ಆಮ್ಲಜನಕದ ಕಡೆಯೂ ಗಮನ ಇರಲಿ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ಳುತ್ತೆ, 30 ಡಿಗ್ರಿಗೆ ಬಂದ್ರೆ 7.5, ಇನ್ನು ಹಾರಂಗಿ ತುಂಬಿದಾಗಿನ ಮಟ್ಟ 2859 ಅಡಿ, ಆ ಎತ್ತರಕ್ಕೆ ಅದೂ ಸುಮಾರು ಹತ್ತರಲ್ಲೊಂದು ಪಾಲು ಕಮ್ಮಿ. ಮುರಲ್ ಮೇಲೆ ಬಂದು ಗಾಳಿ ಕುಡಿದು ಬದುಕುತ್ತೆ, ಅದಕ್ಕೇ ಕಾಫಿ ಹೂ ಬಿಡಿಸೋ ಹೂಮಳೆ ಬರದೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿ ಹಾಕಿ ಕೆರೆ ತಳ ಕಂಡ್ರೂ ಅದು ಉಳಿದಿರುತ್ತೆ. ನದಿ ಮೀನು ಮಹಶೀರ್‌ಗೆ ಆ ಅನುಕೂಲ ಇಲ್ಲ. ಅದರಲ್ಲೂ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿರೋ ಮೀನು, ಬಿಸಿ ನೀರಲ್ಲಿ ಅದನ್ನ ಆಡಿಸಿ ಸುಸ್ತು ಮಾಡೋದು ಬೇಡವೇ ಬೇಡ.

ಹಾಗೇ ಬಾಸ್ ಮರಿ ತರಿಸಿ ತೋಟದ ಕೆರೆಗೆ ಬಿಡೋ ಆಸೆಯೂ ಬೇಡ. ಜಪಾನ್‌ನ ಬೀವಾ ಸರೋವರದಲ್ಲಿ 2009ರಲ್ಲಿ 10 ಕಿಲೋ ದಾಟಿದ ಬಾಸ್ ಸಿಕ್ಕಿ ವಿಶ್ವದಾಖಲೆ ಸರಿಗಟ್ಟಿತ್ತು, ಆದ್ರೆ ಅದೇ ಜಪಾನ್ ಅಷ್ಟೊತ್ತಿಗಾಗಲೇ, 2005ರಲ್ಲೇ, ಬಾಸನ್ನ ಸಾಕೋದು ಸಾಗಿಸೋದು ಎರಡನ್ನೂ ಕಾನೂನು ಮಾಡಿ ನಿಲ್ಲಿಸಿತ್ತು, ಸ್ಥಳೀಯ ಮೀನುಗಳನ್ನ ಅದು ತಿಂದು ಹಾಕ್ತಿದೆ ಅಂತ. ಇಲ್ಲಿ ಕೆರೆ ಕೋಡಿ ಬಿದ್ದ ದಿನ ಆ ಮರಿ ತೋಡಿಗೆ, ತೋಡಿಂದ ಕಾವೇರಿಗೆ ಹೋಗುತ್ತೆ.

ಮಳೆ ಹಿಡಿದ್ಮೇಲೆ ಕೆರೆಯಂಚಲ್ಲಿ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಒಟ್ಟಿಗೇ ಮೇಲೇಳೋದು, ಮುಳುಗೋದು ಕಂಡ್ರೆ ಅದರ ಕೆಳಗೇ ಕಾವಲಿಗೆ ದೊಡ್ಡ ಮುರಲ್ ಇದೆ ಅಂತ ಅರ್ಥ. ಅಲ್ಲಿಗೆ ಲೂರು ಎಸೆದ್ರೆ ಖಂಡಿತ ಹೊಡೆಯುತ್ತೆ, ಹಸಿವಿಗಲ್ಲ, ಮರಿ ಕಾಯೋಕೆ. ಅದನ್ನ ಎತ್ಕೊಂಡು ಹೋದ್ರೆ ಮರಿಗಳು ಬೇರೆ ಮೀನುಗಳ ಪಾಲು, ಆ ಮೂಲೆ ಬಿಟ್ಟು ಮುಂದೆ ಹೋಗಿ ಎಸೀರಿ.