ಗರ್ಭಿಣಿ ವಾರಕ್ಕೊಂದು ಗ್ಲಾಸ್ ವೈನ್ ಕುಡಿದರೆ ತೊಂದರೆ ಇದೆಯೇ?

ಪ್ರಶ್ನೆ: ಮೂರು ತಿಂಗಳ ಗರ್ಭಿಣಿ. ಕೆಲಸದ ಸಲುವಾಗಿ ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿನ ಗೆಳತಿಯರು “ವಾರಕ್ಕೊಂದು ಗ್ಲಾಸ್ ವೈನ್‌ನಿಂದ ಏನೂ ಆಗಲ್ಲ, ಅಧ್ಯಯನಗಳೇ ಹಾಗೆ ಹೇಳಿವೆ” ಅನ್ನುತ್ತಾರೆ. ಡಾಕ್ಟರ್ ಒಂದು ಹನಿಯೂ ಬೇಡ ಅನ್ನುತ್ತಾರೆ. ಗರ್ಭ ನಿಂತದ್ದು ಗೊತ್ತಾಗುವ ಮೊದಲು ಒಂದು ಪಾರ್ಟಿಯಲ್ಲಿ ಸ್ವಲ್ಪ ಕುಡಿದಿದ್ದೆ. ಯಾರ ಮಾತು ನಂಬಲಿ?

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬ ಜನ ಕೇಳುತ್ತಾರೆ. ಹಾಗಾಗಿ ನೇರ ಉತ್ತರ ಮೊದಲು. ಇನ್ನು ಹೆರಿಗೆಯವರೆಗೆ ಕುಡಿಯಬೇಡಿ. ಗೊತ್ತಿಲ್ಲದೆ ಸ್ವಲ್ಪ ಕುಡಿದ ಆ ಸಂಜೆಗಾಗಿ ನಿದ್ದೆಗೆಡಬೇಡಿ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹೊರಡಿಸಿದ ಸಲಹೆಯಲ್ಲಿ ಈ ಎರಡೂ ಮಾತುಗಳಿವೆ. ಎರಡನೆಯದನ್ನು ಜನ ಓದುವುದು ಕಡಿಮೆ.

ನಿಮ್ಮ ಗೆಳತಿಯರು ಸುಳ್ಳು ಹೇಳುತ್ತಿಲ್ಲ. ಅವರು ಹೇಳುವ ಅಧ್ಯಯನಗಳು ಇವೆ, ಒಳ್ಳೆಯ ಸಂಶೋಧಕರೇ ಮಾಡಿದ್ದಾರೆ. ಆದರೆ ಅವು ಎಷ್ಟು ಹೇಳಿವೆಯೋ ಅದಕ್ಕಿಂತ ಜಾಸ್ತಿ ಅರ್ಥವನ್ನು ಜನ ಅವುಗಳ ಮೇಲೆ ಹೊರಿಸಿದ್ದಾರೆ.

ಜಾಸ್ತಿ ಕುಡಿತದ ಬಗ್ಗೆ ಯಾವ ಜಗಳವೂ ಇಲ್ಲ. 1968ರಲ್ಲಿ ಫ್ರಾನ್ಸಿನ ನಾಂತ್ ನಗರದ ವೈದ್ಯ ಪಾಲ್ ಲೆಮ್ವಾನ್, ಕುಡಿತದ ಚಟವಿದ್ದ ಮನೆಗಳಲ್ಲಿ ಹುಟ್ಟಿದ 127 ಮಕ್ಕಳ ಬಗ್ಗೆ ಬರೆದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅಂಥದ್ದೇ ಮಕ್ಕಳನ್ನು ಕಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಗರ್ಭದಲ್ಲಿದ್ದಾಗ ಮದ್ಯದಿಂದ ಮಗುವಿಗಾಗುವ ಈ ತೊಂದರೆಗೆ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂಬ ಹೆಸರು ಬಂದದ್ದು ಆಗ. ಅದರ ಲಕ್ಷಣಗಳು: ತೆಳುವಾದ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವಿನ ಗೆರೆ ಮಾಸಿ ಸಪಾಟಾಗಿರುವುದು, ಚಿಕ್ಕ ಕಣ್ಣು, ಕುಂಠಿತ ಬೆಳವಣಿಗೆ, ಕಲಿಕೆಯಲ್ಲಿ ಕಷ್ಟ. ಮುಖದಲ್ಲಿ ಏನೂ ಕಾಣದೆ ಬರೀ ಗಮನ, ನೆನಪು, ನಡವಳಿಕೆಯಲ್ಲಿ ಮಾತ್ರ ತೊಂದರೆ ಇರುವ ಮಕ್ಕಳು ಇನ್ನೂ ಹೆಚ್ಚು. ಅಂಥ ಮಗುವಿಗೆ ಶಾಲೆಯಲ್ಲಿ ಸೋಮಾರಿ, ಹಟಮಾರಿ ಅನ್ನುವ ಹೆಸರು ಬಂದುಬಿಡುತ್ತದೆ.

ಹೀಗೇಕಾಗುತ್ತದೆ? ಆಲ್ಕೊಹಾಲ್ ತುಂಬ ಸಣ್ಣ ಅಣು. ಮಾಸು ಅದನ್ನು ತಡೆಯುವುದಿಲ್ಲ. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೊಡ್ಡವರ ಲಿವರ್ ಅದನ್ನು ಒಡೆದು ಹಾಕುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಲಿವರ್‌ಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಆ ಆಲ್ಕೊಹಾಲ್ ತಾಯಿಯ ರಕ್ತಕ್ಕೆ ವಾಪಸ್ ಹೋಗಿಯೇ ಕರಗಬೇಕು. ಅಷ್ಟರಲ್ಲಿ ಮಗು ತೇಲುವ ನೀರಿಗೂ ಸೇರಿರುತ್ತದೆ, ಆ ನೀರನ್ನು ಮಗು ಮತ್ತೆ ನುಂಗುತ್ತದೆ. ಇನ್ನು, “ಮೊದಲ ಮೂರು ತಿಂಗಳು ಹುಷಾರಾಗಿದ್ದರೆ ಸಾಕು” ಅನ್ನುವ ಮಾತೂ ಇದೆ. ಮುಖ, ಹೃದಯ ರೂಪುಗೊಳ್ಳುವುದು ಆಗಲೇ, ನಿಜ. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ.

ಸಲಹೆಗಳು ಬದಲಾಗಿವೆ ಅನ್ನುವುದೂ ಜನರ ಅನುಮಾನಕ್ಕೆ ಒಂದು ಕಾರಣ. 1960, 70ರ ದಶಕಗಳಲ್ಲಿ ಅವಧಿಗೆ ಮುಂಚೆ ಹೆರಿಗೆ ನೋವು ಬಂದರೆ ಅದನ್ನು ನಿಲ್ಲಿಸಲು ವೈದ್ಯರೇ ಆಲ್ಕೊಹಾಲನ್ನು ಡ್ರಿಪ್ ಮೂಲಕ ಕೊಡುತ್ತಿದ್ದರು. 1981ರಲ್ಲಿ ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯ ಸಲಹೆಗಾರರಾದ ಸರ್ಜನ್ ಜನರಲ್, ಗರ್ಭಿಣಿಯರು ಕುಡಿಯಬಾರದು ಎಂದರು. 1989ರಿಂದ ಅಲ್ಲಿನ ಬಾಟಲಿಗಳ ಮೇಲೆ ಆ ಎಚ್ಚರಿಕೆ ಬರಲೇಬೇಕೆಂಬ ನಿಯಮ ಬಂತು. ಬ್ರಿಟನ್ ಬೇರೆ ದಾರಿ ಹಿಡಿದಿತ್ತು. 2008ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಅಲ್ಲಿನ ನೈಸ್ ಸಂಸ್ಥೆ, ಮೊದಲ ಮೂರು ತಿಂಗಳು ಬೇಡ, ಆಮೇಲೆ ಕುಡಿಯಲೇಬೇಕೆಂದಿದ್ದರೆ ವಾರಕ್ಕೆ ಒಂದೆರಡು ಸಲ, ಪ್ರತಿ ಸಲ ಒಂದೆರಡು ಯೂನಿಟ್ (ಒಂದು ಯೂನಿಟ್ ಅಂದರೆ 8 ಗ್ರಾಂ ಶುದ್ಧ ಆಲ್ಕೊಹಾಲ್) ಮೀರಬೇಡಿ ಎಂದಿತ್ತು. 2016ರಲ್ಲಿ ಅದನ್ನು ಬಿಟ್ಟು ಪೂರ್ತಿ ಬೇಡ ಎಂದರು. ಆಸ್ಟ್ರೇಲಿಯಾ 2009ರಲ್ಲೇ ಅದೇ ದಾರಿಗೆ ಬಂದಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ವಲ್ಪ ಕುಡಿದರೂ ಹಾನಿ ಖಚಿತ ಎಂಬ ಹೊಸ ಪುರಾವೆ ಸಿಕ್ಕಿ 2016ರ ಬದಲಾವಣೆ ಆದದ್ದಲ್ಲ. ‘ಇಷ್ಟರವರೆಗೆ ಸುರಕ್ಷಿತ’ ಎಂದು ಹೇಳಲು ಪುರಾವೆ ಇಲ್ಲ ಅನ್ನುವುದೇ ಕಾರಣ. ಬ್ರಿಟಿಷ್ ಅಧಿಕಾರಿಗಳು ಅದನ್ನು ಮುಚ್ಚಿಡಲಿಲ್ಲ, ಮುನ್ನೆಚ್ಚರಿಕೆ ಎಂದೇ ಹೇಳಿದರು.

ಈಗ ಗೆಳತಿಯರ ಅಧ್ಯಯನಗಳಿಗೆ ಬರೋಣ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇವೋನ್ ಕೆಲಿ ಮತ್ತು ಸಂಗಡಿಗರು, ಬ್ರಿಟನ್ನಿನಲ್ಲಿ 2000ದ ಆಸುಪಾಸಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಮೂರು, ಐದು, ಏಳನೆಯ ವಯಸ್ಸಿನಲ್ಲಿ ನೋಡಿದರು. ಗರ್ಭಿಣಿಯಾಗಿದ್ದಾಗ ವಾರಕ್ಕೆ ಒಂದೆರಡು ಯೂನಿಟ್ ಕುಡಿದವರ ಮಕ್ಕಳಲ್ಲಿ ನಡವಳಿಕೆ, ಕಲಿಕೆಯ ತೊಂದರೆ ಜಾಸ್ತಿ ಇರಲಿಲ್ಲ. 2012ರಲ್ಲಿ ಡೆನ್ಮಾರ್ಕಿನ ಸಂಶೋಧಕರು 1,628 ತಾಯಂದಿರು ಮತ್ತು ಅವರ ಐದು ವರ್ಷದ ಮಕ್ಕಳ ಬಗ್ಗೆ ವರದಿ ಮಾಡಿದರು. ವಾರಕ್ಕೆ 8 ಡ್ರಿಂಕ್‌ವರೆಗೆ ಕುಡಿದವರ ಮಕ್ಕಳ ಬುದ್ಧಿಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. 9 ಅಥವಾ ಅದಕ್ಕಿಂತ ಜಾಸ್ತಿ ಕುಡಿದವರ ಮಕ್ಕಳಲ್ಲಿ ಗಮನ ಕಡಿಮೆ ಇತ್ತು. ಮರುವರ್ಷ ಅಮೆರಿಕದ ಅರ್ಥಶಾಸ್ತ್ರಜ್ಞೆ ಎಮಿಲಿ ಆಸ್ಟರ್ ಇಂಥ ಅಧ್ಯಯನಗಳನ್ನೆಲ್ಲ ಓದಿ, ಮೂರು ತಿಂಗಳ ನಂತರ ದಿನಕ್ಕೊಂದು ಗ್ಲಾಸ್‌ವರೆಗೆ ಪರವಾಗಿಲ್ಲ ಎಂದು ಪುಸ್ತಕ ಬರೆದರು. ಅದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಡೆನ್ಮಾರ್ಕಿನ ಸಂಶೋಧಕರು ಮಾತ್ರ ತಮ್ಮ ವರದಿಯ ಜೊತೆಗೇ, ಕುಡಿಯದಿರುವುದೇ ಒಳ್ಳೆಯದು ಎಂದಿದ್ದರು. ಸುದ್ದಿಗಳಲ್ಲಿ ಆ ಸಾಲು ಎಲ್ಲೋ ಕೆಳಗೆ ಹೋಯಿತು.

ಕೆಲಿಯವರ ಅಧ್ಯಯನದಲ್ಲಿ ಒಂದು ವಿಚಿತ್ರ ಇದೆ. ಸ್ವಲ್ಪ ಕುಡಿದ ತಾಯಂದಿರ ಗಂಡುಮಕ್ಕಳು, ಕುಡಿಯದವರ ಮಕ್ಕಳಿಗಿಂತ ಒಂದಿಷ್ಟು ಉತ್ತಮ ನಡವಳಿಕೆ ತೋರಿಸಿದ್ದರು! ಹಾಗಾದರೆ ವೈನ್ ಕುಡಿದರೆ ಮಕ್ಕಳು ಜಾಣರಾಗುತ್ತಾರಾ? ಖಂಡಿತ ಇಲ್ಲ. ಬ್ರಿಟನ್ನಿನಲ್ಲಿ ಊಟದ ಜೊತೆ ಒಂದೇ ಗ್ಲಾಸ್ ಕುಡಿದು ಎದ್ದೇಳುವವರು ಹೆಚ್ಚಾಗಿ ಓದಿದವರು, ಒಳ್ಳೆಯ ಸಂಬಳದವರು. ಅವರ ಮಕ್ಕಳಿಗೆ ಮನೆಯಲ್ಲಿ ಪುಸ್ತಕ ಸಿಗುತ್ತದೆ, ಒಳ್ಳೆಯ ಶಾಲೆ ಸಿಗುತ್ತದೆ. ಕುಡಿಯದವರ ಗುಂಪಿನಲ್ಲಿ ಬಡವರು, ಆರೋಗ್ಯ ಸರಿಯಿಲ್ಲದೆ ಬಿಟ್ಟವರು ಎಲ್ಲರೂ ಸೇರಿರುತ್ತಾರೆ. ಮನೆಯ ಅನುಕೂಲ ಕೊಟ್ಟದ್ದನ್ನು ಲೆಕ್ಕದಲ್ಲಿ ಕಳೆಯಲು ಸಂಶೋಧಕರು ತುಂಬ ಪ್ರಯತ್ನಿಸುತ್ತಾರೆ. ಪೂರ್ತಿ ಕಳೆಯಲು ಆಗುವುದಿಲ್ಲ. ವೈನ್ ಸಣ್ಣದೊಂದು ಹಾನಿ ಮಾಡಿದ್ದರೂ ಆ ಅನುಕೂಲ ಅದನ್ನು ಮುಚ್ಚಿಬಿಡಬಹುದು. ನನಗೆ ಈ ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ ಅನ್ನಿಸುತ್ತದೆ.

ಔಷಧಿಯ ಪರೀಕ್ಷೆಯ ಹಾಗೆ, ಅರ್ಧ ಗರ್ಭಿಣಿಯರಿಗೆ ವೈನ್ ಕೊಟ್ಟು ಅರ್ಧ ಜನರಿಗೆ ಕೊಡದೆ ನೋಡುವಂತಿಲ್ಲ. ಹಾಗೆ ಮಾಡಬಾರದು ಕೂಡ. ಅದಕ್ಕೆ ಬ್ರಿಸ್ಟಲ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು 2012ರಲ್ಲಿ ಒಂದು ಜಾಣ ದಾರಿ ಹುಡುಕಿದರು. 1990ರ ದಶಕದ ಆರಂಭದಲ್ಲಿ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಮಕ್ಕಳ ರಕ್ತದ ಮಾದರಿಗಳು ಅವರ ಬಳಿ ಇದ್ದವು. ಆಲ್ಕೊಹಾಲನ್ನು ಬೇಗ ಅಥವಾ ನಿಧಾನವಾಗಿ ಕರಗಿಸುವುದು ನಮ್ಮ ಕೆಲವು ಜೀನ್‌ಗಳ ಕೆಲಸ. ಯಾರಿಗೆ ಯಾವ ಜೀನ್ ಬರುತ್ತದೆ ಅನ್ನುವುದನ್ನು ತಂದೆತಾಯಿಯ ಓದು, ಸಂಬಳ ತೀರ್ಮಾನಿಸುವುದಿಲ್ಲ. ತಾಯಿ ವಾರಕ್ಕೆ 1ರಿಂದ 6 ಯೂನಿಟ್ ಕುಡಿದಿದ್ದಾಗ, ಇಂಥ ನಾಲ್ಕು ಜೀನ್ ರೂಪಗಳು ಮಗುವಿನಲ್ಲಿ ಎಷ್ಟು ಹೆಚ್ಚಿದ್ದವೋ ಎಂಟನೆಯ ವಯಸ್ಸಿನ ಐಕ್ಯೂ ಅಷ್ಟು ಇಳಿದಿತ್ತು, ಒಂದೊಂದಕ್ಕೆ ಸುಮಾರು 2 ಅಂಕದಂತೆ. ತಾಯಿ ಕುಡಿಯದೇ ಇದ್ದ ಮಕ್ಕಳಲ್ಲಿ ಅವೇ ಜೀನ್‌ಗಳಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಜೀನ್ ಅದೇ, ಕುಡಿತ ಒಂದೇ ಬೇರೆ. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೂ ಮನೆಯ ಅನುಕೂಲದ ಪರದೆ ಸರಿಸಿದಾಗ ಏನೋ ಕಾಣುತ್ತದೆ ಅನ್ನುವುದನ್ನು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಬ್ಬ ತಾಯಿಗೆ ಏನೂ ಆಗದ ಅಳತೆ ಇನ್ನೊಬ್ಬರಿಗೂ ಸರಿಹೋಗುತ್ತದೆ ಅನ್ನಲು ಆಗದಿರುವುದಕ್ಕೆ ಇದೂ ಒಂದು ಕಾರಣ.

2017ರಲ್ಲಿ ಬ್ರಿಸ್ಟಲ್‌ನವರೇ ವಾರಕ್ಕೆ 4 ಯೂನಿಟ್ ಒಳಗಿನ ಕುಡಿತದ ಬಗ್ಗೆ ಇದ್ದ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಗು ಸಣ್ಣದಾಗಿ ಹುಟ್ಟುವ ಸಾಧ್ಯತೆ 8% ಜಾಸ್ತಿ ಎಂದು ಕಂಡಿತು. ಉಳಿದ ವಿಷಯಗಳಲ್ಲಿ ಪುರಾವೆ ತೀರಾ ಕಡಿಮೆ, ಹಾಗಾಗಿ ದೂರವಿರುವುದೇ ಸರಿ ಎಂದರು.

‘ಸ್ವಲ್ಪ’ ಅಂದರೆ ಎಷ್ಟು ಅನ್ನುವುದೇ ಇನ್ನೊಂದು ತೊಡಕು. ಬ್ರಿಟನ್ನಿನ ಒಂದು ಯೂನಿಟ್‌ನಲ್ಲಿ 8 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಡೆನ್ಮಾರ್ಕಿನ ಒಂದು ಡ್ರಿಂಕ್‌ನಲ್ಲಿ 12, ಅಮೆರಿಕದಲ್ಲಿ 14. ಲಂಡನ್ನಿನ ಪಬ್‌ನಲ್ಲಿ ಸಿಗುವ 175 ಮಿ.ಲೀ. ವೈನ್ ಗ್ಲಾಸ್ ಎರಡು ಯೂನಿಟ್ ದಾಟಿರುತ್ತದೆ. ಅಂದರೆ ಕೆಲಿಯವರ ‘ವಾರಕ್ಕೆ ಒಂದೆರಡು ಯೂನಿಟ್’ ಆ ಒಂದು ಗ್ಲಾಸ್‌ನಲ್ಲೇ ಮುಗಿಯಿತು. ನಮ್ಮೂರಿನ 60 ಮಿ.ಲೀ. ಪೆಗ್ ಸುಮಾರು ಎರಡೂವರೆ ಯೂನಿಟ್. 8% ಇರುವ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಐದಕ್ಕೂ ಜಾಸ್ತಿ. ಮನೆಯಲ್ಲಿ ಬಗ್ಗಿಸಿಕೊಳ್ಳುವಾಗ ಯಾರು ಅಳೆಯುತ್ತಾರೆ, ಅಲ್ವಾ?

ಇಷ್ಟೆಲ್ಲ ಹೇಳಿದ ಮೇಲೂ ಹೆದರಿಸಿ ಬುದ್ಧಿ ಹೇಳುವವರ ಜೊತೆ ನಾನಿಲ್ಲ. 2016ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಗರ್ಭನಿರೋಧಕ ಬಳಸದ, ಮಕ್ಕಳಾಗುವ ವಯಸ್ಸಿನ ಹೆಂಗಸರೆಲ್ಲ ಮದ್ಯ ಬಿಡಬೇಕು ಎಂದಿತು. ಹೆಂಗಸರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ವಿಸ್ಕಾನ್ಸಿನ್ ರಾಜ್ಯದಲ್ಲಿ ಮಿತಿಮೀರಿ ಕುಡಿಯುವ ಗರ್ಭಿಣಿಯನ್ನು ಅವಳ ಒಪ್ಪಿಗೆಯಿಲ್ಲದೆ ಹಿಡಿದಿಡಲು ದಾರಿ ಮಾಡಿಕೊಟ್ಟ ಕಾನೂನು 1990ರ ದಶಕದ ಕೊನೆಯಲ್ಲಿ ಬಂತು. ಹೀಗೆ ಮಾಡಿದರೆ ಆಗುವುದೇನು? ಕುಡಿಯುವವಳು ಡಾಕ್ಟರ್ ಬಳಿ ಬರುವುದನ್ನೇ ಬಿಡುತ್ತಾಳೆ. ಬಂದರೂ ನಿಜ ಹೇಳುವುದಿಲ್ಲ. ಯಾರಿಗೆ ಸಹಾಯ ಎಲ್ಲಕ್ಕಿಂತ ಬೇಕೋ ಅವಳೇ ದೂರವಾಗುತ್ತಾಳೆ.

ನಿಮ್ಮ ಆ ಪಾರ್ಟಿಯ ವಿಷಯ. ಗರ್ಭ ನಿಂತ ಮೊದಲ ಒಂದು ವಾರ ಭ್ರೂಣ ಇನ್ನೂ ಗರ್ಭಕೋಶಕ್ಕೆ ಅಂಟಿಕೊಂಡಿರುವುದೂ ಇಲ್ಲ. ಮುಟ್ಟು ತಪ್ಪುವ ಹೊತ್ತಿಗೆ ಎಷ್ಟೋ ಹೆಂಗಸರು ಏನಾದರೂ ಕುಡಿದಿರುತ್ತಾರೆ, ಅವರಲ್ಲಿ ಬಹುಪಾಲು ಜನರ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸ್ವಲ್ಪ ಕುಡಿದಿದ್ದರೆ ಅಪಾಯ ಕಡಿಮೆಯೇ ಇರುತ್ತದೆ ಎಂದು ಬ್ರಿಟಿಷ್ ಸಲಹೆಯಲ್ಲೇ ಇದೆ. ಈಗ ನಿಲ್ಲಿಸಿದ್ದೀರಿ, ಅದೇ ಮುಖ್ಯ. ಮುಂದಿನ ಭೇಟಿಯಲ್ಲಿ ಎಷ್ಟು, ಯಾವಾಗ ಅಂತ ಡಾಕ್ಟರ್‌ಗೆ ಹೇಳಿ. ಆ ಒಂದು ಕಾರಣಕ್ಕೆ ಗರ್ಭ ತೆಗೆಸುವ ಯೋಚನೆ ಬಂದಿದ್ದರೆ ದಯವಿಟ್ಟು ಮೊದಲು ಅವರ ಜೊತೆ ಮಾತಾಡಿ.

ಈ ಚರ್ಚೆ ಬ್ರಿಟನ್‌, ಅಮೆರಿಕದ್ದಾಗಿರಲು ಕಾರಣ ಇದೆ. 2017ರ ಒಂದು ಅಂದಾಜಿನಂತೆ ಐರ್ಲೆಂಡಿನಲ್ಲಿ ಸುಮಾರು 60% ಗರ್ಭಿಣಿಯರು ಸ್ವಲ್ಪವಾದರೂ ಕುಡಿಯುತ್ತಿದ್ದರು, ಬ್ರಿಟನ್ನಿನಲ್ಲಿ 41%. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ದಾಟಿದ ಹೆಂಗಸರಲ್ಲಿ ಕುಡಿಯುತ್ತೇವೆ ಎಂದವರೇ 1.3%. ಆದರೆ ನಮ್ಮಲ್ಲಿ ಮದ್ಯ ಬೇರೆ ಹೆಸರಿನಲ್ಲಿ ಬರುತ್ತದೆ. ಆಯುರ್ವೇದದ ಔಷಧಿಗಳಾದ ಅರಿಷ್ಟಗಳನ್ನೇ ತಗೊಳ್ಳಿ. ಹುದುಗಿಸಿ ಮಾಡುವುದರಿಂದ ಅವುಗಳಲ್ಲಿ ತಾನಾಗಿಯೇ ಆಲ್ಕೊಹಾಲ್ ಹುಟ್ಟುತ್ತದೆ, ಬಾಟಲಿ ಮೇಲೆ ಬರೆದಿರುತ್ತಾರೆ ಕೂಡ. 10% ಇರುವ ಅರಿಷ್ಟವನ್ನು ದಿನಕ್ಕೆರಡು ಸಲ 30 ಮಿ.ಲೀ. ಕುಡಿದರೆ ವಾರಕ್ಕೆ 4 ಯೂನಿಟ್ ದಾಟುತ್ತದೆ. ಬಸುರಿಯರು ಸುಮ್ನೆ ಅಂಗಡಿಯಿಂದ ತಂದು ಕುಡಿಯುವ ವಸ್ತು ಅಲ್ಲ ಅದು. ಕರಾವಳಿಯ ಕೆಲವು ಮನೆಗಳಲ್ಲಿ ಬಾಣಂತಿಗೆ ಮೈ ಬೆಚ್ಚಗಿರಲಿ ಎಂದು ಬ್ರಾಂದಿ ಕೊಡುವುದುಂಟು. ರಕ್ತದಲ್ಲಿದ್ದಷ್ಟೇ ಆಲ್ಕೊಹಾಲ್ ಎದೆಹಾಲಿಗೂ ಬರುತ್ತದೆ, ಹಾಲನ್ನು ಹಿಂಡಿ ಚೆಲ್ಲಿದರೆ ಅದು ಬೇಗ ಹೋಗುವುದಿಲ್ಲ, ಹೊತ್ತು ಕಳೆಯಲೇಬೇಕು. ಕುಡಿದ ನಂತರದ ಕೆಲವು ಗಂಟೆ ಮಗುವಿಗೆ ಸಿಗುವ ಹಾಲೂ ಕಡಿಮೆಯಾಗುತ್ತದೆ. ಕೊಡುವ ಅಜ್ಜಿಯ ಪ್ರೀತಿ ದೊಡ್ಡದು, ಬ್ರಾಂದಿ ಬದಲು ಬಿಸಿ ಸಾರು ಕೇಳಿ.

ಕೊನೆಗೆ, ದಿನವೂ ಜಾಸ್ತಿ ಕುಡಿಯುತ್ತಿದ್ದು ಈಗ ಗರ್ಭಿಣಿಯಾಗಿರುವ ಯಾರಾದರೂ ಇದನ್ನು ಓದುತ್ತಿದ್ದರೆ: ಮನೆಯಲ್ಲಿ ಒಬ್ಬರೇ ಥಟ್ಟನೆ ನಿಲ್ಲಿಸಬೇಡಿ. ಮೈ ನಡುಕ, ಫಿಟ್ಸ್ ಬರಬಹುದು, ಅದು ನಿಮಗೂ ಮಗುವಿಗೂ ಅಪಾಯ. ಡಾಕ್ಟರ್ ನೋಡಿಕೊಳ್ಳುತ್ತಾ ನಿಲ್ಲಿಸುವ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಬೇರೆ ಊರುಗಳಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಎಷ್ಟನೇ ತಿಂಗಳಲ್ಲಿ ನಿಲ್ಲಿಸಿದರೂ, ಆ ದಿನದಿಂದ ಮಗುವಿನ ಮಿದುಳಿಗೆ ಉಪಯೋಗವೇ.